ಮೂರು ಬೆಲ್ಲಿನ ಮನೆ

ನಾನು ಮದುವೆಯಾದದ್ದು ಒಬ್ಬರನ್ನೇ. ಹದಿಮೂರು ವರ್ಷ ಈ ಮಾತನ್ನು ಯಾರೂ ಪ್ರಶ್ನಿಸಿರಲಿಲ್ಲ. ಮನೆಯಲ್ಲಿ ಒಬ್ಬರಿಗೆ ಸಾಲುವಷ್ಟು ಅಂಗಿಗಳಿದ್ದವು, ಒಬ್ಬರು ಹೊರಡಿಸಬಹುದಾದಷ್ಟು ಗೊರಕೆಯಿತ್ತು, ಒಬ್ಬರು ಕಳೆಯಬಹುದಾದಷ್ಟು ಬೀಗದ ಕೈಗಳು ಕಳೆದಿದ್ದವು. ಆಮೇಲೆ ನಮ್ಮವರು ಬಾಗಿಲಿಗೆ ಮೂರು ಕಾಲಿಂಗ್ ಬೆಲ್ ಹಾಕಿಸಿದರು. ಅಲ್ಲಿಂದ ಮುಂದೆ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಉಳಿಯಲಿಲ್ಲ.

ನಮ್ಮವರು ಲಿಫ್ಟ್ ಕಂಪನಿಯೊಂದರಲ್ಲಿ ಹದಿನೇಳು ವರ್ಷ ದೂರುಗಳಿಗೆ ಉತ್ತರ ಬರೆಯುವ ಕೆಲಸದಲ್ಲಿದ್ದರು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಒದ್ದಾಡಿದವರಿಗೆ ‘ತಮ್ಮ ತಾಳ್ಮೆಗೆ ನಾವು ಋಣಿ’ ಎಂದು ಬರೆಯುವುದರಲ್ಲಿ ಇವರನ್ನು ಮೀರಿಸುವವರಿರಲಿಲ್ಲ. ನಲವತ್ತೆರಡನೆಯ ವಯಸ್ಸಿನಲ್ಲಿ ಫೋನಿನಲ್ಲಿ ಯಾರದೋ ಭಾಷಣ ಕೇಳಿದರು. ಮನುಷ್ಯ ತನ್ನ ಶಕ್ತಿಯ ಮೂರರಲ್ಲೊಂದು ಪಾಲನ್ನು ಮಾತ್ರ ಬಳಸುತ್ತಾನೆ ಎಂದು ಆ ಮಹಾನುಭಾವ ಹೇಳಿದ್ದನಂತೆ. ಇವರು ಆ ಒಂದು ಪಾಲನ್ನು ಎಲ್ಲಿ ಬಳಸುತ್ತಿದ್ದಾರೆಂಬುದು ನನಗೆ ಇವತ್ತಿಗೂ ಪತ್ತೆಯಾಗಿಲ್ಲ. ಆದರೆ ಉಳಿದೆರಡು ಪಾಲು ದಂಡವಾಗುತ್ತಿದೆ ಎಂಬ ಚಿಂತೆ ಇವರಿಗೆ ಹತ್ತಿತು. ರಾಜೀನಾಮೆ ಕೊಟ್ಟರು. ಒಂದೇ ತಿಂಗಳಲ್ಲಿ ಮೂರು ಕೆಲಸ ಹಚ್ಚಿಕೊಂಡರು. ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ ಡಿಗ್ರಿಗೆ ಸೇರಿದರು. ವಾಷಿಂಗ್ ಮೆಷಿನ್, ಇಸ್ತ್ರಿ ಪೆಟ್ಟಿಗೆಗಳ ಜೊತೆ ಬರುವ, ಯಾರೂ ಓದದ ಪುಸ್ತಿಕೆಗಳನ್ನು ಮನೆಯಲ್ಲೇ ಕೂತು ಬರೆಯುವ ಫ್ರೀಲ್ಯಾನ್ಸ್ ಕೆಲಸ ಹಿಡಿದರು. ಇವೆರಡರ ಮೇಲೆ ಒಂದು ಸ್ಟಾರ್ಟಪ್.

ಸ್ಟಾರ್ಟಪ್ಪಿನ ಹೆಸರು ‘ತಕ್ಕಡಿ’. ಕೆಲಸ ಹೆಚ್ಚಾದವರು ತಮ್ಮ ದಿನವನ್ನು ಸಮತೂಕದಲ್ಲಿ ಇಟ್ಟುಕೊಳ್ಳುವುದಕ್ಕೆ ನೆರವಾಗುವ ಆ್ಯಪ್ ಅದು. ಕೆಲಸ ಹೇರಿದಷ್ಟೂ ಪರದೆಯ ಮೇಲಿನ ತಟ್ಟೆ ಒಂದು ಕಡೆಗೆ ವಾಲುತ್ತದೆ. ಇವರ ಫೋನಿನಲ್ಲಿ ಅದು ಮೊದಲ ದಿನ ವಾಲಿದ್ದು ಮತ್ತೆ ಏಳಲಿಲ್ಲ.

ಅಪ್ಪ ಇದನ್ನೆಲ್ಲ ಹನ್ನೊಂದು ತಿಂಗಳು ಸುಮ್ಮನೆ ನೋಡಿದರು. ಅಪ್ಪನದು ಹಾರ್ಡ್‌ವೇರ್ ಅಂಗಡಿ; ಸಾವಿರದೆಂಟು ಬಗೆಯ ಮೊಳೆ, ಕೊಳವೆ, ಚಿಲಕಗಳ ನಡುವೆ ನಲವತ್ತು ವರ್ಷ ಒಂದೇ ಕೆಲಸ ಮಾಡಿ ಬದುಕಿದವರು. ಒಂದು ಭಾನುವಾರ ಬಂದು, ಚಪ್ಪಲಿ ಬಿಡುವ ಮೊದಲೇ ಅಳಿಯನಿಗೆ ಗಡುವು ಕೊಟ್ಟರು. ಈ ತಿಂಗಳ ಮೂವತ್ತರೊಳಗೆ ಮೂರರಲ್ಲಿ ಒಂದಾದರೂ ದಡ ಸೇರಿದರೆ ಸಂತೋಷ. ಇಲ್ಲದಿದ್ದರೆ ಮರುಸೋಮವಾರ ಒಂಬತ್ತು ಗಂಟೆಗೆ ಅಂಗಡಿಯ ಕೌಂಟರಿನಲ್ಲಿ ನಿಲ್ಲಬೇಕು. ನಮ್ಮವರಿಗೆ ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಮುಖ ಬಂತು. ಮಾವನ ಅಂಗಡಿಯಲ್ಲಿ ಮಾವನ ಕೈಕೆಳಗೆ ಬಕೆಟ್ ಮಾರುವುದಕ್ಕಿಂತ ಬೇರೆ ನರಕವನ್ನು ಇವರು ಕಲ್ಪಿಸಿಕೊಂಡಿರಲಿಲ್ಲ.

ಅದೇ ವಾರ ಆ ಪ್ರಮಾದ ನಡೆಯಿತು. ವಾಷಿಂಗ್ ಮೆಷಿನ್ ಪುಸ್ತಿಕೆಯನ್ನು ವಿಶ್ವವಿದ್ಯಾಲಯದ ಗೈಡಿಗೂ, ಪ್ರಬಂಧದ ಎರಡನೇ ಅಧ್ಯಾಯವನ್ನು ವಾಷಿಂಗ್ ಮೆಷಿನ್ ಕಂಪನಿಗೂ ಕಳಿಸಿಬಿಟ್ಟರು. ಕಂಪನಿಯವರು ಪುಸ್ತಿಕೆ ಕೊಂಚ ಉದ್ದವಾಯಿತು ಎಂದಷ್ಟೇ ತಿಳಿಸಿದರು. ಗೈಡ್ ಮಾತ್ರ ಪೂರ್ತಿ ಓದಿದ್ದರು. ‘ಮೊದಲ ಬಾರಿಗೆ ನಿಮ್ಮ ಬರವಣಿಗೆಯಲ್ಲಿ ಸ್ಪಷ್ಟತೆ ಕಂಡೆ. ಆದರೆ ಮುಚ್ಚಳ ತೆರೆಯುವ ಮೊದಲು ಸ್ವಿಚ್ ಆರಿಸಬೇಕೆಂಬ ತೀರ್ಮಾನಕ್ಕೆ ಆಧಾರ ಗ್ರಂಥಗಳನ್ನು ಕೊಟ್ಟಿಲ್ಲ’ ಎಂದು ಉತ್ತರ ಬಂತು.

ಬೇರೆ ಯಾರಾದರೂ ಆಗಿದ್ದರೆ ಮೂರರಲ್ಲಿ ಎರಡನ್ನು ಬಿಡುತ್ತಿದ್ದರು. ನಮ್ಮವರು ಕೆಲಸ ಮೂರಾಗಿರುವುದು ತಪ್ಪಲ್ಲ, ತಾವು ಒಬ್ಬರೇ ಆಗಿರುವುದು ತಪ್ಪು ಎಂಬ ತೀರ್ಮಾನಕ್ಕೆ ಬಂದರು. ಒಂದೊಂದು ಕೆಲಸಕ್ಕೆ ಒಂದೊಂದು ಮನುಷ್ಯನಾಗಬೇಕು. ಅದಕ್ಕೆ ಶಿಸ್ತು ಬೇಕು. ಮರುದಿನವೇ ಎಲೆಕ್ಟ್ರಿಷಿಯನ್ ಬಂದ. ಬಾಗಿಲ ಪಕ್ಕ ಸಾಲಾಗಿ ಮೂರು ಬೆಲ್: ಮೇಲಿನದು ವಿದ್ಯಾರ್ಥಿಗೆ, ನಡುವಿನದು ಬರಹಗಾರನಿಗೆ, ಕೆಳಗಿನದು ಸ್ಥಾಪಕನಿಗೆ. ಸ್ಥಾಪಕನ ಬೆಲ್ ಹಕ್ಕಿಗಳ ಹಾಗೆ ಕೂಗುತ್ತಿತ್ತು, ಅದೂ ಎಷ್ಟು ಹೊತ್ತೆಂದರೆ ಮುಗಿಯುವಷ್ಟರಲ್ಲಿ ಒತ್ತಿದವರು ಮೆಟ್ಟಿಲಿಳಿದು ಹೋಗಿರುತ್ತಿದ್ದರು.

ಬೆಲ್ಲಿಗೆ ತಕ್ಕ ವೇಷವೂ ಬಂತು. ಬೆಳಿಗ್ಗೆ ಕನ್ನಡಕ, ನೀಲಿ ಅಂಗಿ, ಬಗಲಲ್ಲಿ ಚೀಲ. ಮಧ್ಯಾಹ್ನ ಕನ್ನಡಕವಿಲ್ಲದೆ, ಪೈಜಾಮ ಬನಿಯನ್ನಿನಲ್ಲಿ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು. ಸಂಜೆ ಕಪ್ಪು ಟೀಶರ್ಟು, ತಲೆಗೊಂದು ಟೋಪಿ. ಫೋನ್ ಕಿವಿಗೆ ಹಚ್ಚಿಕೊಂಡು ಕೆಳಗೆ ಕಾರುಗಳ ನಡುವೆ ಸುತ್ತು ಹಾಕುವುದು. ವೇಷ ಬದಲಾದ ಮೇಲೆ ಹಿಂದಿನವನನ್ನು ಕೇಳಬೇಕಾದ್ದನ್ನು ಕೇಳಿದರೆ ಇವರು ಉತ್ತರ ಕೊಡುತ್ತಿರಲಿಲ್ಲ. ನಮ್ಮ ಮಗಳು ಶಾಲೆಯ ಅಂಕಪಟ್ಟಿ ಹಿಡಿದುಕೊಂಡು, ಅಪ್ಪನ ಸಹಿ ಬೇಕಾದರೆ ಯಾವ ಬೆಲ್ ಒತ್ತಬೇಕು ಎಂದು ನನ್ನನ್ನು ಕೇಳಿದಳು. ನಾನೇ ಸಹಿ ಹಾಕಿದೆ.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಒಬ್ಬರ ರಕ್ತವನ್ನು ಮೂರು ಹೆಸರಿನ ಮೂರು ಟ್ಯೂಬಿಗೆ ಹಾಕಿದರೆ ನಮ್ಮಲ್ಲಿ ಮನೆಗೆ ಕಳಿಸುತ್ತಾರೆ. ಸ್ಟಾರ್ಟಪ್ಪಿನಲ್ಲಿ ಅದಕ್ಕೆ ತಂಡ ಎನ್ನುತ್ತಾರೆ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ನಮ್ಮ ಕಟ್ಟಡಕ್ಕೆ ಆ ವಾರವೇ ಹೊಸ ವಾಚ್‌ಮನ್ ಬಂದಿದ್ದ. ಕೆಲಸದಲ್ಲಿ ಬಹಳ ನಿಷ್ಠೆ. ಹಳಬ ಎಂಟು ವರ್ಷದಲ್ಲಿ ಬರೆಯದಷ್ಟನ್ನು ಇವನು ಎಂಟು ದಿನದಲ್ಲಿ ರಿಜಿಸ್ಟರಿನಲ್ಲಿ ಬರೆದ. ಮೂರನೇ ಮಹಡಿಯ ನಮ್ಮ ಮನೆಯ ಎದುರಿಗೆ ಅವನು ಬರೆದದ್ದು: ಗಂಡಸರು ಮೂರು, ಹೆಂಗಸು ಒಂದು, ಮಗು ಒಂದು. ಬ್ರಾಕೆಟ್ಟಿನಲ್ಲಿ ಕನ್ನಡಕದವರು, ಪೆನ್ಸಿಲಿನವರು, ಟೋಪಿಯವರು.

ಕಟ್ಟಡದ ಸೆಕ್ರೆಟರಿ ನೋಂದಣಿ ಕಚೇರಿಯಿಂದ ನಿವೃತ್ತರಾದವರು. ಕಾಗದದಲ್ಲಿ ಇದ್ದದ್ದು ಜಗತ್ತಿನಲ್ಲಿ ಇದೆ, ಕಾಗದದಲ್ಲಿ ಇಲ್ಲದ್ದು ಜಗತ್ತಿನಲ್ಲಿ ಇಲ್ಲ ಎಂಬುದು ಅವರ ಜೀವನದ ಸಾರ. ಅನುಮತಿಯಿಲ್ಲದೆ ಇಬ್ಬರು ಗಂಡಸರನ್ನು ಬಾಡಿಗೆಗೆ ಇಟ್ಟುಕೊಂಡದ್ದೇಕೆ ಎಂದು ನಮಗೊಂದು ನೋಟಿಸು ತಂದರು. ನಾನು ಒಳಗೆ ಕರೆದು, ಮೂವರ ಬಟ್ಟೆಯನ್ನೂ ಒಂದೇ ಹಗ್ಗದ ಮೇಲೆ ತೋರಿಸಿ, ಇವರು ಒಬ್ಬರೇ ಎಂದು ಕೈಮುಗಿದು ಹೇಳಿದೆ. ಹತ್ತು ವರ್ಷದಿಂದ ಇವರ ಜೊತೆ ಲಿಫ್ಟಿನಲ್ಲಿ ಇಳಿಯುತ್ತಿದ್ದ ಮನುಷ್ಯ ಮರುಕದಿಂದ ನನ್ನನ್ನು ನೋಡಿದರು.

“ನನಗೆ ಗೊತ್ತಮ್ಮ,” ಎಂದರು. “ಆದ್ರೆ ರಿಜಿಸ್ಟರಿಗೆ ಗೊತ್ತಿಲ್ವಲ್ಲ.”

ಅದನ್ನು ತಿದ್ದಬೇಕಾದರೆ ಇಲ್ಲದ ಇಬ್ಬರು ಬಂದು, ತಾವು ಮನೆ ಖಾಲಿ ಮಾಡಿದ್ದೇವೆಂದು ಸಹಿ ಹಾಕಬೇಕಂತೆ. ನಾನು ನೋಟಿಸನ್ನು ಫ್ರಿಜ್ಜಿನ ಮೇಲೆ ಇಟ್ಟೆ. ಎದುರುಮನೆಯಾಕೆ ಸಂಜೆ ಬಂದು, ಮೂವರಿಗೆ ಬೇಯಿಸಿ ಹಾಕುವುದು ಸಾಮಾನ್ಯವಲ್ಲ ಎಂದು ತನ್ನ ದೊಡ್ಡ ಪಾತ್ರೆ ಕೊಟ್ಟು ಹೋದರು. ಬೇಡವೆಂದರೂ ಕೇಳಲಿಲ್ಲ.

ಇತ್ತ ನಮ್ಮವರು ವಿಶ್ವವಿದ್ಯಾಲಯದ ಸ್ಟಾರ್ಟಪ್ ಕೇಂದ್ರಕ್ಕೆ ಅರ್ಜಿ ಹಾಕಿದ್ದರು. ಆಯ್ಕೆಯಾದರೆ ಒಂದು ವರ್ಷ ಒಂದು ಕೋಣೆ, ಎರಡು ಮೇಜು, ಎಲ್ಲ ಖರ್ಚು ಅವರದು. ಅಪ್ಪನ ಗಡುವಿಗೆ ಇದಕ್ಕಿಂತ ಒಳ್ಳೆಯ ಉತ್ತರವಿರಲಿಲ್ಲ. ಆದರೆ ಒಂದು ನಿಯಮ: ಒಬ್ಬಂಟಿ ಸ್ಥಾಪಕರನ್ನು ತೆಗೆದುಕೊಳ್ಳುವುದಿಲ್ಲ, ಅರ್ಜಿ ಹಾಕುವಾಗ ತಂಡದಲ್ಲಿ ಮೂವರಾದರೂ ಇರಬೇಕು. ನಮ್ಮವರ ಪೂರ್ತಿ ಹೆಸರಿನಲ್ಲಿ ಮನೆತನದ ಹೆಸರು, ತಂದೆಯ ಹೆಸರು, ತಮ್ಮ ಹೆಸರು ಎಂದು ಮೂರು ತುಂಡುಗಳಿವೆ. ಇವರು ಪಾಲು ಹಂಚಿದ ಹಾಗೆ ಒಂದೊಂದನ್ನು ಒಬ್ಬೊಬ್ಬರಿಗೆ ಹಂಚಿದರು. ಕನ್ನಡಕ ಹಾಕಿದ್ದು, ಹಾಕದ್ದು, ಟೋಪಿಯದ್ದು ಎಂದು ಮೂರು ಫೋಟೋ ಅಂಟಿಸಿ, ಮೂರು ಸಿಮ್ಮಿನ ಮೂರು ನಂಬರ್ ಕೊಟ್ಟರು. ವಿಳಾಸಕ್ಕೆ ಪುರಾವೆ ಕೇಳಿದ್ದರು. ಅದಕ್ಕೆ ಸೆಕ್ರೆಟರಿಯ ಮೊಹರಿದ್ದ ನೋಟಿಸೇ ಫ್ರಿಜ್ಜಿನ ಮೇಲಿತ್ತು. ಈ ಮನೆಯಲ್ಲಿ ಮೂವರು ಗಂಡಸರು ವಾಸವಾಗಿರುವುದು ಖಚಿತ ಎಂದು ಅದರಲ್ಲಿ ಬರೆದಿತ್ತು.

ಇದು ಸುಳ್ಳಲ್ಲವೇ ಎಂದು ಕೇಳಿದೆ. ಸುಳ್ಳು ಹೇಗಾಗುತ್ತದೆ, ಮೂವರ ಕೆಲಸವನ್ನೂ ನಾನು ಮಾಡುತ್ತಿಲ್ಲವೇ ಎಂದರು. ಮೂವರ ಕೆಲಸವೂ ಆಗುತ್ತಿಲ್ಲ ಎಂದೆ. ಅದು ಬೇರೆ ವಿಷಯ ಎಂದರು.

ಇಪ್ಪತ್ತನಾಲ್ಕನೆಯ ತಾರೀಕು, ಶನಿವಾರ ಹತ್ತು ಗಂಟೆಗೆ ಕೇಂದ್ರದ ಮೇಡಂ ಮನೆಗೇ ಬಂದು ಮೂವರನ್ನೂ ಕಾಣುವುದೆಂದು ಪತ್ರ ಬಂತು. ನಮ್ಮವರು ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಮಾತಾಡಿಸಬೇಕೆಂದು ಬೇಡಿಕೊಂಡರು. ಹಾಗಾದರೆ ಮನಸ್ಸು ಬಿಚ್ಚಿ ಮಾತಾಡಲಾಗುತ್ತದಂತೆ. ಮೇಡಂ ಈ ಪ್ರಾಮಾಣಿಕತೆಯನ್ನು ಮೆಚ್ಚಿ ಒಪ್ಪಿದರು. ನಮ್ಮ ಬಾತ್‌ರೂಮಿಗೆ ಎರಡು ಬಾಗಿಲು, ಒಂದು ಹಾಲಿನ ಕಡೆಗೆ, ಒಂದು ಮಲಗುವ ಕೋಣೆಗೆ. ಹನ್ನೊಂದು ತಿಂಗಳಲ್ಲಿ ಇವರು ಮಾಡಿದ ಏಕೈಕ ತಯಾರಿಯೆಂದರೆ ಆ ಬಾತ್‌ರೂಮಿನಲ್ಲಿ ಎರಡು ನಿಮಿಷದಲ್ಲಿ ವೇಷ ಬದಲಾಯಿಸುವ ಅಭ್ಯಾಸ. ಹತ್ತಕ್ಕೆ ಐದು ನಿಮಿಷವಿರುವಾಗ ಬಾಗಿಲಲ್ಲಿ ಒಂದೇ ಜೊತೆ ಗಂಡಸರ ಚಪ್ಪಲಿ ಇರುವುದು ಕಂಡು ಇವರಿಗೆ ಜೀವ ಬಾಯಿಗೆ ಬಂತು. ಎದುರುಮನೆಗೆ ಓಡಿ, ಆಕೆಯ ಗಂಡನ ಬೂಟೂ ಮಗನ ಚಪ್ಪಲಿಯೂ ತಂದು ಜೋಡಿಸಿದರು. ಆ ಮನೆಯ ಯಜಮಾನರು ಆವತ್ತು ಬರಿಗಾಲಲ್ಲಿ ತರಕಾರಿಗೆ ಹೋದರಂತೆ.

ಮೇಡಂ ಒಳ್ಳೆಯವರೇ. ಆದರೆ ಅವತ್ತು ಅವರಿಗೆ ಹದಿನಾಲ್ಕು ಮನೆಗಳಿದ್ದವು, ಕೈಯಲ್ಲಿ ಟ್ಯಾಬ್ಲೆಟ್ಟಿತ್ತು, ಅದರಲ್ಲಿ ಗುರುತು ಹಾಕಬೇಕಾದ ನಲವತ್ತು ಚೌಕಗಳಿದ್ದವು. ಮನುಷ್ಯರ ಮುಖ ನೋಡುವುದಕ್ಕೆ ಅದರಲ್ಲಿ ಚೌಕವಿರಲಿಲ್ಲ. ನಾನು ನೀರು ಕೊಟ್ಟಾಗ ತಲೆ ಎತ್ತದೆಯೇ ಕೇಳಿದರು, ಮೂವರೂ ಇಲ್ಲೇ ಇರುತ್ತಾರೆಯೇ ಎಂದು.

“ನನ್ನ ಕೈಗೆ ಒಬ್ಬರೂ ಸಿಗೋದಿಲ್ಲ ಮೇಡಂ,” ಎಂದೆ. ಸತ್ಯವನ್ನೇ ಹೇಳಿದೆ. ಅವರು ‘ಶ್ರಮಜೀವಿಗಳು’ ಎಂಬ ಚೌಕಕ್ಕೆ ಗುರುತು ಹಾಕಿದರು.

ಮೊದಲು ಕನ್ನಡಕದ ವಿದ್ಯಾರ್ಥಿ ಬಂದು ಕೂತ. ನಾನು ಅಡುಗೆಮನೆಯಲ್ಲಿ ಕಿವಿಯಾಗಿ ನಿಂತೆ. ಐದು ನಿಮಿಷ ಎಲ್ಲವೂ ಸರಿಯಿತ್ತು. ಆಮೇಲೆ ಮೇಡಂ, ಮುಖ್ಯ ಸ್ಥಾಪಕರ ಜೊತೆ ನಿಮ್ಮ ಹೊಂದಾಣಿಕೆ ಹೇಗಿದೆ ಎಂದು ಕೇಳಿದರು. ಅಲ್ಲಿ ಏನೋ ಕಳಚಿಕೊಂಡಿತು. ಹನ್ನೊಂದು ತಿಂಗಳಿಂದ ಇವರನ್ನು ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ತಾನು ಪುಸ್ತಕ ತೆರೆದಾಗಲೆಲ್ಲ ಆ ಮನುಷ್ಯನಿಗೆ ಒಂದು ಹೊಸ ಯೋಚನೆ ಬರುತ್ತದೆ, ಓದನ್ನು ಅಲ್ಲಿಗೇ ಬಿಟ್ಟು ಅವನ ಹಿಂದೆ ಹೋಗಬೇಕಾಗುತ್ತದೆ, ಎರಡು ಪರೀಕ್ಷೆ ಅವನಿಂದಲೇ ಹೋದವು ಎಂದು ಹೇಳುತ್ತ ಹೋದರು. ಅದು ನಟನೆಯಲ್ಲ, ಇವರಿಗೆ ನಟನೆ ಬರುವುದಿಲ್ಲ.

ಎರಡು ನಿಮಿಷದ ಮೇಲೆ ಪೆನ್ಸಿಲಿನ ಬರಹಗಾರ ಬಂದ. ಫೋಟೋಗಳಲ್ಲಿ ಮೂವರೂ ಸ್ವಲ್ಪ ಒಂದೇ ಥರ ಕಾಣುತ್ತೀರಿ ಎಂದು ಮೇಡಂ ಟ್ಯಾಬ್ಲೆಟ್ಟಿಗೆ ಹೇಳಿದರು. ಜೊತೆಯಲ್ಲಿ ಕೆಲಸ ಮಾಡಿ ಮಾಡಿ ಹಾಗಾಗಿದೆ ಎಂದು ಬರಹಗಾರ ಉತ್ತರಿಸಿದ. ಅವನಿಗೆ ಕೇಳುವ ಮೊದಲೇ ದೂರು ಸಿದ್ಧವಿತ್ತು. ಮನೆಗೆ ನಾಲ್ಕು ಕಾಸು ತರುವವನು ತಾನು; ಆ ಟೋಪಿಯವನಾದರೋ ತನ್ನ ದುಡಿಮೆಯ ಮೇಲೆ ಕೂತು, ಕೆಳಗಿಳಿದು ಕಾರುಗಳ ನಡುವೆ ಓಡಾಡಿಕೊಂಡು ಯಾರ ಜೊತೆಗೋ ಮಾತಾಡುತ್ತಿರುತ್ತಾನೆ.

“ಯಾರ ಜೊತೆ ಮಾತಾಡ್ತಾನೆ ಅಂತ ಒಂದು ದಿನ ಫೋನ್ ಇಸ್ಕೊಂಡು ನೋಡಿದೆ ಮೇಡಂ,” ಎಂದ. “ಆ ಕಡೆ ಯಾರೂ ಇರಲಿಲ್ಲ.”

ಅಡುಗೆಮನೆಯಲ್ಲಿ ನಾನು ಸೌಟು ಕೆಳಗಿಟ್ಟೆ. ನನಗೂ ಅದು ಹೊಸ ಸುದ್ದಿ.

ಕೊನೆಗೆ ಟೋಪಿ ಹಾಕಿಕೊಂಡು ಸ್ಥಾಪಕ ಬಂದ. ಮೇಡಂ ಮೊದಲ ಬಾರಿಗೆ ತಲೆ ಎತ್ತಿ, ಮುಖವನ್ನಲ್ಲ, ಟೋಪಿಯನ್ನು ನೋಡಿದರು. ನಿಮ್ಮ ಇಬ್ಬರು ಸಹಚರರೂ ನಿಮ್ಮ ಬಗ್ಗೆ ಬೇಸರಪಟ್ಟುಕೊಂಡಿದ್ದಾರೆ ಎಂದರು. ಅದು ತಮ್ಮದೇ ಬಾಯಿಂದ ಬಂದ ಮಾತು ಎಂಬುದನ್ನು ಮರೆತು ಇವರು ಉರಿದುಬಿದ್ದರು. ಒಬ್ಬ ಪುಸ್ತಕದ ಹುಳ, ಪರೀಕ್ಷೆ ಬಂದರೆ ಹೊಟ್ಟೆನೋವು ಎನ್ನುವವನು. ಇನ್ನೊಬ್ಬ ಇಸ್ತ್ರಿ ಪೆಟ್ಟಿಗೆಯ ಬಗ್ಗೆ ಬರೆದು ಜನ್ಮ ಸವೆಸುವವನು. ಇವರಿಬ್ಬರನ್ನು ಬೆನ್ನಿಗೆ ಕಟ್ಟಿಕೊಂಡದ್ದರಿಂದಲೇ ‘ತಕ್ಕಡಿ’ ಮೇಲೇಳುತ್ತಿಲ್ಲ ಎಂದರು. ಮೇಡಂ ಅವರ ಬೆರಳು ಟ್ಯಾಬ್ಲೆಟ್ಟಿನ ಮೇಲೆ ಬಹಳ ಹೊತ್ತು ಓಡಾಡಿತು.

ಹೋಗುವಾಗ ಅವರು ಕೆಳಗೆ ವಾಚ್‌ಮನ್ನನ್ನೂ ವಿಚಾರಿಸಿದರಂತೆ. ಅದು ನಿಯಮದಲ್ಲಿತ್ತು. ಅವನು ರಿಜಿಸ್ಟರು ತೆಗೆದು, ಮೂವರೂ ಹೋದ ಬಂದ ಹೊತ್ತು ತೋರಿಸಿ, ಯಾರಿಗೂ ಅನ್ಯಾಯವಾಗದ ಹಾಗೆ ಸಾಕ್ಷಿ ಹೇಳಿದ. ಆಮೇಲೆ ಹೆಮ್ಮೆಯಿಂದ ನನ್ನ ಹತ್ತಿರವೂ ಹೇಳಿಕೊಂಡ.

“ಇದ್ದದ್ದು ಇದ್ದ ಹಾಗೇ ಹೇಳಿದೆ ಅಕ್ಕ. ಕನ್ನಡಕದವರು ಮರ್ಯಾದಸ್ಥರು, ಪೆನ್ಸಿಲಿನವರು ಪಾಪದವರು. ಅವರಿಬ್ಬರನ್ನ ಹಾಳು ಮಾಡ್ತಿರೋದು ಆ ಟೋಪಿಯವನೇ ಅಂದೆ.”

ಮೂವತ್ತನೆಯ ತಾರೀಕು ಬೆಳಿಗ್ಗೆ ಪತ್ರ ಬಂತು. ಇವರು ಓದಿ ಒಮ್ಮೆ ಕುಣಿದರು, ಇನ್ನೊಮ್ಮೆ ಓದಿ ಕೂತರು. ‘ತಕ್ಕಡಿ’ ಆಯ್ಕೆಯಾಗಿತ್ತು. ಸೋಮವಾರ ಒಂಬತ್ತು ಗಂಟೆಗೆ ಬಂದು ಕೋಣೆಯನ್ನು ವಶಕ್ಕೆ ಪಡೆಯಬಹುದಿತ್ತು. ಷರತ್ತು ಒಂದೇ: ತಂಡದ ಹಿತದೃಷ್ಟಿಯಿಂದ ಮುಖ್ಯ ಸ್ಥಾಪಕರು ಸಂಸ್ಥೆಯಿಂದ ಹೊರಹೋಗಬೇಕು, ಮತ್ತು ಉಳಿದಿಬ್ಬರು ಅದಕ್ಕೆ ಸಹಿ ಹಾಕಬೇಕು. ಅವರ ಭವಿಷ್ಯಕ್ಕೆ ಕೇಂದ್ರ ಶುಭ ಕೋರಿತ್ತು.

ಹೋಗಿ ನಿಜ ಹೇಳಿಬಿಡಿ ಎಂದೆ. ನಿಜ ಹೇಳಿದರೆ ಕೋಣೆ ಹೋಗುತ್ತದೆ, ಕೋಣೆ ಹೋದರೆ ಕೌಂಟರು ಎಂದರು. ಮಧ್ಯಾಹ್ನದ ತನಕ ಊಟದ ಮೇಜಿನ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಎದ್ದು ಕೂತು ಮಾಡಿದರು. ಸ್ಥಾಪಕನ ಕುರ್ಚಿಯಲ್ಲಿ ಕೂತಾಗ, ಕಲ್ಪನೆ ಯಾರದು, ಹೆಸರು ಇಟ್ಟವನು ಯಾರು ಎಂದು ಗೊಣಗುತ್ತಿದ್ದರು. ಎದುರಿನ ಕುರ್ಚಿಗೆ ಬಂದಾಗ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಮೂರು ಗಂಟೆಗೆ ಎರಡು ಸಹಿ ಬಿದ್ದವು. ಮೂರನೆಯದು ರಾಜೀನಾಮೆ. ಲಿಫ್ಟ್ ಕಂಪನಿಯ ಅನುಭವ ಅಲ್ಲಿ ಕೆಲಸಕ್ಕೆ ಬಂತು. ‘ತಮ್ಮ ತಾಳ್ಮೆಗೆ ನಾನು ಋಣಿ’ ಎಂದು ಚೆಂದವಾಗಿ ಮುಗಿಸಿದ್ದರು. ನೋಡಿದರೆ ಕಣ್ಣಲ್ಲಿ ನೀರು. ತನ್ನನ್ನು ಹೊರಹಾಕಿದ್ದು ಇನ್ಯಾರೋ ಆಗಿದ್ದರೆ ಬೈದು ಹಗುರಾಗಬಹುದಿತ್ತು.

ಸಂಜೆ ಅಪ್ಪ ಬಂದರು. ಯಾವ ಬೆಲ್ ಒತ್ತಬೇಕೆಂದು ತಿಳಿಯದೆ ಬಾಗಿಲು ಬಡಿದರು. ನಮ್ಮವರು ಎದೆಯುಬ್ಬಿಸಿ ಪತ್ರ ಕೈಗಿಟ್ಟರು. ಅಪ್ಪ ಮೊಳೆಯ ಅಳತೆ ನೋಡುವ ಹಾಗೆ ಕಣ್ಣಿನ ಹತ್ತಿರ ಹಿಡಿದು ಎರಡು ಸಲ ಓದಿದರು. ಆಯ್ಕೆಯಾಗಿದೆ, ಮಾತಿಗೆ ತಪ್ಪಿಲ್ಲ ಎಂದು ಒಪ್ಪಿಕೊಂಡರು. ಇವರ ಮುಖ ಅರಳಿತು.

“ಕನ್ನಡಕದವನೂ ಪೆನ್ಸಿಲಿನವನೂ ಸೋಮವಾರ ಅಲ್ಲಿಗೆ ಹೋಗ್ಲಿ,” ಎಂದರು ಅಪ್ಪ. “ಟೋಪಿಯವನಿಗೆ ಈಗ ಕೆಲಸ ಇಲ್ಲ ಅಂತಾಯ್ತಲ್ಲ. ಅವನು ಅಂಗಡಿಗೆ ಬರ್ಲಿ.”

“ಮಾವ, ಮೂವರೂ ನಾನೇ.”

“ಅದು ನಂಗೆ ಹೇಗಪ್ಪ ಗೊತ್ತಾಗ್ಬೇಕು? ಯೂನಿವರ್ಸಿಟಿಯ ಕಾಗದ ಸುಳ್ಳು ಹೇಳತ್ತಾ?”

ನಮ್ಮವರು ನನ್ನ ಕಡೆ ನೋಡಿದರು. ಮೂವರಲ್ಲಿ ಯಾರು ನೋಡುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ. ಇವರು ಅಪ್ಪನ ಎದುರು ತಾನೊಬ್ಬನೇ ಎಂದು ಸಾಧಿಸಿದರೆ ಆಯ್ಕೆ ಸುಳ್ಳಾಗುತ್ತದೆ, ಆಗ ಗಡುವಿನ ಪ್ರಕಾರ ಅಂಗಡಿ. ಮೂವರೆಂದು ಒಪ್ಪಿದರೆ ಮೂರನೆಯವನಿಗೆ ಅಂಗಡಿ. ನಲವತ್ತು ವರ್ಷ ಕೌಂಟರಿನ ಹಿಂದೆ ನಿಂತವರ ಲೆಕ್ಕಾಚಾರದಲ್ಲಿ ಸಂದು ಸಿಗುವುದಿಲ್ಲ.

ಸೋಮವಾರ ಒಂಬತ್ತಕ್ಕೆ ಇವರು ಅಂಗಡಿಯಲ್ಲಿದ್ದರು. ನಾನು ಶಿಫ್ಟಿಗೆ ಹೋಗುವ ದಾರಿಯಲ್ಲಿ ಊಟದ ಡಬ್ಬಿ ಕೊಡಲು ನಿಂತಾಗ, ಒಬ್ಬ ಪ್ಲಂಬರನಿಗೆ ಕೊಳವೆಯ ಮೂಲೆ ತುಂಡು ಹುಡುಕುತ್ತ ಏಣಿಯ ಮೇಲಿದ್ದರು. ಫೋನ್ ಬಂತು. ಕೇಂದ್ರದ ಮೇಡಂ. ಕೋಣೆ ತೆರೆದು ಕೂತಿದ್ದೇವೆ, ನಿಮ್ಮ ಇಬ್ಬರು ಹಳೆಯ ಸಹಚರರು ಇನ್ನೂ ಬಂದಿಲ್ಲ, ಅವರ ಫೋನುಗಳೂ ಬಂದ್ ಆಗಿವೆ, ಎಲ್ಲಿದ್ದಾರೆಂದು ಗೊತ್ತೇ ಎಂದು ಕೇಳಿದರಂತೆ. ಇವರು ಏಣಿಯ ಮೇಲೆ ಒಂದು ಕ್ಷಣ ಯೋಚಿಸಿದರು.

“ನಂಗೇನು ಗೊತ್ತು ಮೇಡಂ,” ಎಂದರು. “ನನ್ನ ಹೊರಗೆ ಹಾಕಿದ್ದೇ ಅವರಿಬ್ಬರಲ್ವಾ.”

ಆ ದನಿಯಲ್ಲಿದ್ದ ನೋವು ಕೇಳಿ ಪ್ಲಂಬರ್ ಕೂಡ ತಲೆ ತಗ್ಗಿಸಿದ. ಅಪ್ಪ ಕೌಂಟರಿನಿಂದ, ಯಾರದು ಫೋನು ಎಂದು ಕೇಳಿದರು. ಹಳೇ ಆಫೀಸಿನವರು, ಇಬ್ಬರನ್ನು ಹುಡುಕುತ್ತಿದ್ದಾರೆ ಎಂದು ಇವರು ಮೇಲಿನಿಂದಲೇ ಹೇಳಿದರು. ಅಪ್ಪ ಪ್ಲಂಬರನಿಗೆ ಚಿಲ್ಲರೆ ಕೊಟ್ಟು ಡ್ರಾಯರ್ ಮುಚ್ಚಿದರು.

“ಸಿಕ್ಕಿದ್ರೆ ಇಲ್ಲಿಗೆ ಕಳಿಸೋಕೆ ಹೇಳು. ಗೋಡೌನಿಗೆ ಇಬ್ಬರು ಬೇಕಾಗಿದ್ದಾರೆ.”